ಚಕ್ರಬಡ್ಡಿಯ ಲೆಕ್ಕ: 5.9 ಕಮಿನ್ಸ್ ಟ್ರಕ್ಕಿಗೆ ಕಾಂಪೌಂಡ್ ಟರ್ಬೊ ಕೂರಿಸಿದ ಐದು ತಿಂಗಳು

ಫೆಬ್ರವರಿಯಲ್ಲಿ ಹಿಡಿದ ಕೆಲಸ ಜುಲೈಗೆ ಮುಗಿಯಿತು. ಟ್ರಕ್ಕು 2006ರ ಡಾಡ್ಜ್ ರ‍್ಯಾಮ್ 3500, ಎಂಜಿನ್ 5.9 ಲೀಟರ್ ಕಮಿನ್ಸ್ ಕಾಮನ್ ರೈಲ್, ಗೇರ್‌ಬಾಕ್ಸ್ 48ಆರ್‌ಇ ಆಟೊಮ್ಯಾಟಿಕ್. ಇರುವುದು ಅಮೆರಿಕದ ಡೆನ್ವರ್‌ನಲ್ಲಿ. ಹಿಂದೆ ಎಳೆಯುವ ಟ್ರೇಲರ್ 12,000 ಪೌಂಡ್, ಅಂದರೆ ಸುಮಾರು 5,400 ಕೆ.ಜಿ. ಟರ್ಬೊ ಅಂದರೆ ಎಂಜಿನ್ ಹೊರಬಿಡುವ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಪಂಪು; ಕಾಂಪೌಂಡ್ ಅಂದರೆ ಅಂಥ ಎರಡನ್ನು ಒಂದರ ಹಿಂದೊಂದು ಜೋಡಿಸುವುದು. ಇಂಥದ್ದೇ ಟ್ರಕ್ಕಿಗೆ ಎರಡು ಟರ್ಬೊ ಹಾಕಿಸಲು ಹೊರಟವರಿಗೆ ನಮ್ಮ ಲೆಕ್ಕ, ಖರ್ಚು, ತಪ್ಪು ಎಲ್ಲ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ತೊಂದರೆ ಶುರುವಾದದ್ದು ಐ-70 ಹೆದ್ದಾರಿಯಲ್ಲಿ. ಡೆನ್ವರ್ ಬಿಟ್ಟು ಪಶ್ಚಿಮಕ್ಕೆ ಏರುತ್ತಾ ಹೋದರೆ ಐಸೆನ್‌ಹೋವರ್ ಸುರಂಗದ ಬಾಯಿ ಸಿಗುವುದು 11,000 ಅಡಿ ಎತ್ತರದಲ್ಲಿ. ಟ್ರೇಲರ್ ಕಟ್ಟಿಕೊಂಡು ಆ ಏರು ಹತ್ತುವಾಗ ಎಕ್ಸಾಸ್ಟ್ ಉಷ್ಣತೆ 1,400 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿತ್ತು, ಅಂದರೆ 760 ಸೆಲ್ಸಿಯಸ್. ಟರ್ಬೊಗೆ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲೇ (ಸಿಲಿಂಡರ್‌ಗಳ ಹೊಗೆ ಒಟ್ಟಾಗುವ ಕೊಳವೆ) ಥರ್ಮೊಕಪಲ್ ಎಂಬ ಬಿಸಿ ಅಳೆಯುವ ಸೆನ್ಸರ್ ಕೂರಿಸಿ ಅಳೆದದ್ದು ಇದು. ಏರಿನುದ್ದಕ್ಕೂ 1,250ರಿಂದ 1,300ರ ಮೇಲೆ ನಿಲ್ಲಿಸಬಾರದು. ಹಾಗಾಗಿ ಪ್ರತಿ ಸಲವೂ ಕಾಲು ಎತ್ತಬೇಕು, ವೇಗ ಬೀಳುತ್ತದೆ, ಗೇರ್ ಇಳಿಯುತ್ತದೆ.

ಮೊದಲು ಮಾಡಿದ್ದು ಇಷ್ಟೇ: ಎರಡು ವಾರ ಕಾಗದದಲ್ಲಿ ಬರೆದಿಟ್ಟುಕೊಂಡೆವು. ಕೆಳಗೆ ಡೆನ್ವರ್‌ನಲ್ಲಿ ಬೂಸ್ಟ್, ಅಂದರೆ ಹೊರಗಿನ ಗಾಳಿಯ ಮೇಲೆ ಟರ್ಬೊ ಕೂಡಿಸುವ ಒತ್ತಡ, 30 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಮೇಲೆ ಸುರಂಗದ ಹತ್ತಿರ 24. ಮುಳ್ಳು ಇಳಿದಿದೆ, ಟರ್ಬೊ ಸುಸ್ತಾಗಿದೆ ಎಂದುಕೊಳ್ಳುವುದು ಸಹಜ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ. ಡೆನ್ವರ್‌ನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 12.1 ಪಿಎಸ್‌ಐ, ಫಿಲ್ಟರ್ ದಾಟುವಷ್ಟರಲ್ಲಿ 11.7. ಟರ್ಬೊ ಬಾಯಿಂದ ಹೊರಡುವ ಒತ್ತಡ 30 ಕೂಡಿಸು 12.1, ಅದಕ್ಕೆ ಇಂಟರ್‌ಕೂಲರ್‌ನಲ್ಲಿ (ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಭಾಗ) ಕಳೆಯುವ 2: ಒಟ್ಟು 44.1. ಇದನ್ನು 11.7ರಿಂದ ಭಾಗಿಸಿದರೆ 3.77. ಮೇಲೆ, ಹೊರಗಿನ ಒತ್ತಡ 10 ಇರುವಲ್ಲಿ, 36ನ್ನು 9.6ರಿಂದ ಭಾಗಿಸಿದರೆ 3.75. ಎರಡೂ ಕಡೆ ಟರ್ಬೊ ಪಡುತ್ತಿರುವ ಶ್ರಮ ಒಂದೇ, ಎರಡೂ ಕಡೆ ಅದು ತನ್ನ ಮಿತಿಯಲ್ಲೇ ಇದೆ. ಸಿಗುತ್ತಿರುವ ಗಾಳಿ ಮಾತ್ರ ಮೇಲೆ ಕಡಿಮೆ.

ಈ ಒಂದು ಭಾಗಾಕಾರ ಗೊತ್ತಿದ್ದರೆ ಕಾಂಪೌಂಡ್ ಟರ್ಬೊ ಆಯ್ಕೆಯ ಅರ್ಧ ದಾರಿ ಸಾಗಿದ ಹಾಗೆ. ಗೇಜಿನ ಪಿಎಸ್‌ಐ ಹಿಡಿದುಕೊಂಡು ಟರ್ಬೊ ಆರಿಸಬೇಡಿ. ಒಳಗೆ ಬರುವ ಒತ್ತಡಕ್ಕೂ ಹೊರಗೆ ಹೋಗುವ ಒತ್ತಡಕ್ಕೂ ಇರುವ ಅನುಪಾತ ಹಿಡಿದುಕೊಂಡು ಆರಿಸಿ, ಅದೂ ನೀವು ಓಡಿಸುವ ಎತ್ತರದಲ್ಲಿ.

ಹುಬ್ಬಳ್ಳಿಯಲ್ಲಿ ಡೀಸೆಲ್ ಪಂಪ್ ಕೆಲಸ ಮಾಡುವ ಗೆಳೆಯರೊಬ್ಬರು ಫೋನಿನಲ್ಲಿ ಕೇಳಿದರು: "ಎರಡು ಯಾಕ್ರೀ, ಒಂದ ದೊಡ್ಡದು ಹಾಕಿದ್ರ ಸಾಲೂದಿಲ್ಲೇನು?" ಎಲ್ಲರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ. ಒಂದೇ ದೊಡ್ಡ ಟರ್ಬೊ ಹಾಕಿದರೆ ಅದು ತಿರುಗಲು ಬೇಕಾದಷ್ಟು ಹೊಗೆ 1,800 ಆರ್‌ಪಿಎಂ ದಾಟುವವರೆಗೆ ಸಿಗುವುದಿಲ್ಲ. ಟ್ರೇಲರ್ ಕಟ್ಟಿದ ಟ್ರಕ್ಕು ಹೊರಡುವಾಗ ಕಪ್ಪು ಹೊಗೆ, ಬಿಸಿ. ಒಂದೇ ಚಿಕ್ಕದು ಇದ್ದರೆ ಈಗಾಗಲೇ ನೋಡಿದಂತೆ ಮೇಲೆ ಉಸಿರು ಸಾಲದು. ಕಾಂಪೌಂಡ್‌ನಲ್ಲಿ ದೊಡ್ಡ ಟರ್ಬೊ ಹೊರಗಿನ ಗಾಳಿಯನ್ನು ಒತ್ತಿ ಚಿಕ್ಕದರ ಬಾಯಿಗೆ ಕೊಡುತ್ತದೆ, ಚಿಕ್ಕದು ಅದನ್ನು ಮತ್ತೆ ಒತ್ತಿ ಇಂಟರ್‌ಕೂಲರ್‌ಗೆ ಕಳಿಸುತ್ತದೆ. ಹೊಗೆಯ ದಾರಿ ತಿರುವುಮುರುವು: ಮ್ಯಾನಿಫೋಲ್ಡ್‌ನಿಂದ ಮೊದಲು ಚಿಕ್ಕದಕ್ಕೆ, ಅಲ್ಲಿಂದ ದೊಡ್ಡದಕ್ಕೆ. ಎರಡರ ಒತ್ತಡ ಕೂಡುವುದಿಲ್ಲ, ಗುಣಾಕಾರವಾಗುತ್ತದೆ. ಚಕ್ರಬಡ್ಡಿ ಇದ್ದ ಹಾಗೆ: ಎರಡನೆಯ ಬಡ್ಡಿ ಬೀಳುವುದು ಅಸಲಿನ ಮೇಲಲ್ಲ, ಮೊದಲ ಬಡ್ಡಿ ಸೇರಿದ ಮೊತ್ತದ ಮೇಲೆ. 2.2 ಪಟ್ಟು ಒತ್ತಿದ್ದನ್ನು ಮತ್ತೆ 2.2 ಪಟ್ಟು ಒತ್ತಿದರೆ 4.84 ಪಟ್ಟು. ಇದು ಹೊಸದೇನೂ ಅಲ್ಲ; 2008ರಿಂದ 2010ರವರೆಗಿನ ಫೋರ್ಡ್ 6.4 ಪವರ್‌ಸ್ಟ್ರೋಕ್ ಎಂಜಿನ್‌ಗೆ ಎರಡು ಟರ್ಬೊ ಕಾರ್ಖಾನೆಯಿಂದಲೇ ಬರುತ್ತಿದ್ದವು.

ಆಮೇಲೆ ನಮ್ಮ ಗುರಿಯ ಲೆಕ್ಕ. ಬೇಕಾದದ್ದು ಎಂಜಿನ್‌ನಲ್ಲಿ 550 ಹಾರ್ಸ್‌ಪವರ್. ಕಾರ್ಖಾನೆ ಕೊಟ್ಟದ್ದು 325. ಡೀಸೆಲ್‌ಗೆ ಗಾಳಿ-ಇಂಧನ ಪ್ರಮಾಣ 20ಕ್ಕೆ 1, ಪ್ರತಿ ಹಾರ್ಸ್‌ಪವರ್‌ಗೆ ಗಂಟೆಗೆ 0.38 ಪೌಂಡ್ ಇಂಧನ ಎಂದಿಟ್ಟುಕೊಳ್ಳಿ. 550 × 20 × 0.38, ಭಾಗಿಸು 60: ನಿಮಿಷಕ್ಕೆ ಸುಮಾರು 70 ಪೌಂಡ್ ಗಾಳಿ. 3,000 ಆರ್‌ಪಿಎಂನಲ್ಲಿ 5.9 ಲೀಟರ್ ಎಂಜಿನ್ ಅಷ್ಟು ಗಾಳಿ ನುಂಗಬೇಕಾದರೆ ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಸುಮಾರು 54.5 ಪಿಎಸ್‌ಐ ಇರಬೇಕು. ಇದು ಗೇಜಿನ ಅಂಕಿ ಅಲ್ಲ, ಹೊರಗಿನ ಗಾಳಿಯ ಒತ್ತಡವೂ ಸೇರಿದ ಅಂಕಿ. ಇಷ್ಟು ಗಾಳಿ ಹರಿಯುವಾಗಿನ ಇಂಟರ್‌ಕೂಲರ್ ನಷ್ಟ 2.5 ಸೇರಿ 57. ಡೆನ್ವರ್‌ನಲ್ಲಿ 57ನ್ನು 11.7ರಿಂದ ಭಾಗಿಸಿದರೆ 4.87. ಬೀದಿಯಲ್ಲಿ ಓಡುವ ಟ್ರಕ್ಕಿನ ಯಾವ ಒಂಟಿ ಟರ್ಬೊವೂ ಅಷ್ಟನ್ನು ದಿನಾ ಎಳೆಯಲಾರದು. ವರ್ಗಮೂಲ ತೆಗೆದರೆ ಒಂದೊಂದಕ್ಕೆ 2.2. ಆರಾಮಾಗಿ ಮಾಡುವ ಕೆಲಸ.

ಈಗ ಒಂದೊಂದನ್ನೇ ಅದರ ಮ್ಯಾಪ್‌ನಲ್ಲಿ, ಅಂದರೆ ಟರ್ಬೊ ಯಾವ ಅನುಪಾತದಲ್ಲಿ ಎಷ್ಟು ಗಾಳಿ ಕೊಡಬಲ್ಲದು ಎಂದು ತೋರಿಸುವ ನಕ್ಷೆಯಲ್ಲಿ, ಗುರುತು ಹಾಕಬೇಕು. ದೊಡ್ಡ ಟರ್ಬೊ ನೋಡುವುದು ತೆಳು ಗಾಳಿ. ಎತ್ತರಕ್ಕೆ ಸರಿಪಡಿಸಿದರೆ 70 ಪೌಂಡ್ ಎಂಬುದು ಮ್ಯಾಪ್‌ನಲ್ಲಿ 83 ಪೌಂಡ್ ಆಗುತ್ತದೆ. ಸಮುದ್ರಮಟ್ಟದ ಊರಿನವರ ಸಲಹೆಯಂತೆ ದೊಡ್ಡ ಟರ್ಬೊ ಆರಿಸಿದರೆ ಇಲ್ಲಿ ಚಿಕ್ಕದಾಗುವುದು ಇದಕ್ಕೇ. ಚಿಕ್ಕ ಟರ್ಬೊಗೆ ಸಿಗುವ ಗಾಳಿ ಈಗಾಗಲೇ ಒತ್ತಿದ್ದು, ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿಯದ್ದು. ಅದರ ಮ್ಯಾಪ್‌ನಲ್ಲಿ ಅದೇ 70 ಪೌಂಡ್ ಬರೀ 43-44 ಆಗುತ್ತದೆ. ಕಂಪನಿಯ ಹಳೇ ಹೋಲ್ಸೆಟ್ ಎಚ್‌ಇ351ಸಿಡಬ್ಲ್ಯು, ಅಂದರೆ 58 ಮಿ.ಮೀ. ಕಂಪ್ರೆಸರ್‌ನ (ಗಾಳಿ ಒತ್ತುವ ಚಕ್ರದ) ಅದೇ ಟರ್ಬೊ, ಇಷ್ಟನ್ನು ಮಾಡಬಲ್ಲದು. ಹಾಗಾಗಿ ಅದನ್ನು ಇದ್ದಲ್ಲೇ ಉಳಿಸಿ, ಮುಂದೆ ಬೋರ್ಗ್‌ವಾರ್ನರ್ ಎಸ್475, ಅಂದರೆ 75 ಮಿ.ಮೀ. ಕಂಪ್ರೆಸರ್‌ನದು, ಸೇರಿಸುವುದೆಂದು ತೀರ್ಮಾನ. ಚಿಕ್ಕದನ್ನೂ ಬದಲಿಸಿ ಎಸ್362 ಹಾಕುವ ಇನ್ನೊಂದು ದಾರಿ ಇತ್ತು. 650 ಹಾರ್ಸ್‌ಪವರ್ ಮೇಲೆ ಹೋಗುವವರಿಗೆ ಅದು ಸರಿ. ಎಳೆಯುವ ಟ್ರಕ್ಕಿಗೆ ಹಳೆಯದರ ಚುರುಕು ಮುಖ್ಯ.

ಕಿಟ್ ಮಾರುವವರಿಂದ ದುಡ್ಡು ಕೊಡುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕಾದವು: ದೊಡ್ಡ ಟರ್ಬೊದ ಟರ್ಬೈನ್ ಚಕ್ರದ (ಹೊಗೆ ತಿರುಗಿಸುವ ಚಕ್ರ) ಅಳತೆ, ಅದರ ಹೌಸಿಂಗ್‌ನ ಎ/ಆರ್ (ಹೊಗೆಯ ದಾರಿ ಎಷ್ಟು ಸಡಿಲ ಎಂಬ ಅಂಕಿ), ಪೈಪಿಗೆ ಕೂಡುವ ಫ್ಲೇಂಜ್‌ನ ಅಳತೆ ಟಿ4 ಅಥವಾ ಟಿ6, ಆಯಿಲ್ ವಾಪಸು ಎಲ್ಲಿ ಸೇರುತ್ತದೆ, ಬಿಸಿ ಪೈಪಿನಲ್ಲಿ ಹಿಗ್ಗುವ ಜಾಯಿಂಟ್ ಇದೆಯೇ. ನಾವು ನಾಲ್ಕನ್ನು ಕೇಳಿದೆವು. ಎ/ಆರ್ ಕೇಳಲಿಲ್ಲ. ಅದರ ಬೆಲೆ ಮುಂದೆ ತೆತ್ತೆವು.

ಕಾಗದಪತ್ರದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಹೊಗೆ ನಿಯಂತ್ರಣದ ಭಾಗಗಳನ್ನು ತೆಗೆಯುವುದು ಫೆಡರಲ್ ಕಾನೂನಿನ ಪ್ರಕಾರ ನಿಷಿದ್ಧ. ಕ್ಯಾಲಿಫೋರ್ನಿಯಾದಲ್ಲಾದರೆ ಭಾಗಕ್ಕೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್‌ನ ವಿನಾಯಿತಿ ಆದೇಶದ ಸಂಖ್ಯೆ ಇರಲೇಬೇಕು. ಡೆನ್ವರ್ ಸುತ್ತಮುತ್ತ ಡೀಸೆಲ್ ಗಾಡಿಗಳಿಗೆ ಹೊಗೆಯ ದಟ್ಟಣೆಯ ಪರೀಕ್ಷೆ ಇದೆ. ಕಿಟ್ ತರಿಸುವ ಮೊದಲು ನಿಮ್ಮ ಊರಿನ ನಿಯಮ ನೋಡಿಕೊಳ್ಳಿ, ಕಾರ್ಖಾನೆ ಹಾಕಿದ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ. ಕರ್ನಾಟಕದಲ್ಲಿ ಓದುತ್ತಿರುವವರಿಗೆ: ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಇನ್ನೊಂದು ಮಾತು, ಟರ್ಬೊ ಬದಲಿಸಿದ ಮಾತ್ರಕ್ಕೆ ಟ್ರಕ್ಕು ಎಳೆಯಬಹುದಾದ ಅಧಿಕೃತ ತೂಕ ಒಂದು ಪೌಂಡೂ ಏರುವುದಿಲ್ಲ. ಬ್ರೇಕು, ಆಕ್ಸಲ್ ಎಲ್ಲ ಹಳೆಯವೇ.

ಮೂರು ವಾರ ಎಂದಿದ್ದ ಕಿಟ್ ಬಂದದ್ದು ಏಳು ವಾರಕ್ಕೆ. ಕಾಯುವುದು ಬೇಸರವೇ, ಆದರೆ ಆ ದಿನಗಳು ಹಾಳಾಗಲಿಲ್ಲ. ಎಂಜಿನ್ ಸಿದ್ಧಪಡಿಸುವ ಕೆಲಸ ಟರ್ಬೊ ಕೂರಿಸುವುದಕ್ಕಿಂತ ದೊಡ್ಡದು.

ಮೊದಲು ಹೆಡ್ ಸ್ಟಡ್, ಅಂದರೆ ಸಿಲಿಂಡರ್ ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಗಟ್ಟಿ ಕಡ್ಡಿಗಳು. ಸಿಲಿಂಡರ್ ಒಳಗಿನ ಒತ್ತಡ ಏರಿದಾಗ ಕಾರ್ಖಾನೆಯ ಬೋಲ್ಟ್ ಹಿಗ್ಗಿ ಗ್ಯಾಸ್ಕೆಟ್ ಬಿಟ್ಟುಕೊಡುತ್ತದೆ. 24 ವಾಲ್ವ್ ಕಮಿನ್ಸ್‌ಗೆ 26 ಸ್ಟಡ್. ಹೆಡ್ ಇಳಿಸದೆ, ತಣ್ಣಗಿರುವ ಎಂಜಿನ್‌ನಲ್ಲಿ, ಮಧ್ಯದಿಂದ ಹೊರಕ್ಕೆ ಒಂದು ಬೋಲ್ಟ್ ಬಿಚ್ಚು, ಒಂದು ಸ್ಟಡ್ ಹಾಕು ಎಂಬ ಕ್ರಮದಲ್ಲಿ ಮಾಡಬಹುದು. ರಂಧ್ರದಲ್ಲಿ ಉಳಿದ ಆಯಿಲನ್ನು ಪ್ರತಿ ಸಲ ಗಾಳಿ ಹೊಡೆದು ಒಣಗಿಸಲೇಬೇಕು. ತಳದಲ್ಲಿ ಆಯಿಲ್ ನಿಂತರೆ ಸ್ಟಡ್ ಕೂತಂತೆ ಅನಿಸುತ್ತದೆ, ಬಿಗಿತದ ಅಳತೆ, ಅಂದರೆ ಟಾರ್ಕ್, ಸುಳ್ಳು ಹೇಳುತ್ತದೆ. ಟಾರ್ಕ್ ಎಷ್ಟೆಂಬುದು ನಿಮ್ಮ ಸ್ಟಡ್‌ನ ಜೊತೆ ಬಂದ ಹಾಳೆಯಲ್ಲಿರುತ್ತದೆ, ಅದರ ಜೊತೆ ಬಂದ ಲೂಬ್ರಿಕೆಂಟನ್ನೇ ಹಚ್ಚಿ ಮೂರು ಹಂತದಲ್ಲಿ ಬಿಗಿಯಿರಿ. ಹಿಂಬದಿಯವಕ್ಕೆ ಕೈ ಹೋಗಲು ವೈಪರ್ ಕೆಳಗಿನ ಕೌಲ್ ಬಿಚ್ಚಿ.

ವಾಲ್ವ್ ಸ್ಪ್ರಿಂಗ್ ಯಾಕೆ ಬದಲಿಸಬೇಕು ಎಂದು ಹಲವರಿಗೆ ಅರ್ಥವಾಗಿರುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಒತ್ತಡ ಎಕ್ಸಾಸ್ಟ್ ವಾಲ್ವ್‌ನ ಬೆನ್ನಿಗೆ ಒತ್ತುತ್ತದೆ. 50-60 ಪಿಎಸ್‌ಐ ಬಂದರೆ ಸಾದಾ ಸ್ಪ್ರಿಂಗ್ ಅದನ್ನು ಮುಚ್ಚಿ ಹಿಡಿಯಲಾರದು. ಅದಕ್ಕೆ 103 ಪೌಂಡ್ ಸ್ಪ್ರಿಂಗ್ ಹಾಕುತ್ತಾರೆ, 24 ಬೇಕು. ಹೆಡ್ ಎಂಜಿನ್ ಮೇಲೇ ಇರುವಾಗ ಮಾಡುವುದಾದರೆ ಜೋಡಿ ಜೋಡಿಯಾಗಿ ಪಿಸ್ಟನ್ ಮೇಲೆ ತನ್ನಿ: 1 ಮತ್ತು 6, 2 ಮತ್ತು 5, 3 ಮತ್ತು 4. ಪಿಸ್ಟನ್ ಮೇಲಿದ್ದರೆ ವಾಲ್ವ್ ಅದರ ತಲೆಯ ಮೇಲೆ ಕೂರುತ್ತದೆ, ಒಳಗೆ ಬೀಳುವುದಿಲ್ಲ. ಅಕ್ಕಿಕಾಳಿನಷ್ಟು ಚಿಕ್ಕದಲ್ಲದಿದ್ದರೂ ಕೀಪರ್ (ಸ್ಪ್ರಿಂಗನ್ನು ವಾಲ್ವ್‌ಗೆ ಹಿಡಿದಿಡುವ ಚೂರು) ಜಾರಿದರೆ ಆಯಿಲ್ ದಾರಿಯಲ್ಲಿ ಮಾಯ, ಆದ್ದರಿಂದ ಸುತ್ತಲಿನ ರಂಧ್ರಗಳಿಗೆಲ್ಲ ಬಟ್ಟೆ ತುರುಕಿ. ಎರಡು ವಾಲ್ವ್‌ಗಳನ್ನು ಒಟ್ಟಿಗೆ ಒತ್ತುವ ಕ್ರಾಸ್‌ಬ್ರಿಜ್‌ಗಳನ್ನು ಬಿಚ್ಚಿದ ಜಾಗಕ್ಕೇ, ಬಿಚ್ಚಿದ ದಿಕ್ಕಿಗೇ ಮರಳಿ ಹಾಕಿ. ಕೊನೆಗೆ ವಾಲ್ವ್ ಗ್ಯಾಪ್: ಇನ್‌ಟೇಕ್ 0.010 ಇಂಚು, ಎಕ್ಸಾಸ್ಟ್ 0.020.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿದಾಗ ನಾವು ಹೆದರಿದ್ದೇ ಆಗಿತ್ತು. ಒಂದೇ ತುಂಡಿನ ಎರಕದ ಮ್ಯಾನಿಫೋಲ್ಡ್ ವರ್ಷಗಳ ಬಿಸಿಗೆ ಕುಗ್ಗಿ, ತುದಿಯ ಬೋಲ್ಟುಗಳನ್ನು ಎಳೆದಿತ್ತು. ಆರನೇ ಸಿಲಿಂಡರ್ ಬಳಿ ಒಂದು ಬೋಲ್ಟಿನ ತಲೆಯೇ ಇರಲಿಲ್ಲ. ಉಳಿದ ತುಂಡಿಗೆ ನಟ್ ವೆಲ್ಡ್ ಮಾಡಿ ತೆಗೆಯಲು ಒಂದು ದಿನ. ಮೂರು ತುಂಡಿನ, ಜಾರುವ ಜಾಯಿಂಟಿನ ಮ್ಯಾನಿಫೋಲ್ಡ್ ಹಾಕಿದೆವು. ನಿಮ್ಮ ಟ್ರಕ್ಕು ಎರಡು ಲಕ್ಷ ಮೈಲಿ ಓಡಿದ್ದರೆ ಇದನ್ನು ಮೊದಲೇ ಬಜೆಟ್‌ಗೆ ಸೇರಿಸಿಕೊಳ್ಳಿ.

ಗೇರ್‌ಬಾಕ್ಸ್ ಬಗ್ಗೆ ಮುಲಾಜಿಲ್ಲದೆ ಹೇಳುತ್ತೇನೆ. 48ಆರ್‌ಇ ಎಂಜಿನ್‌ನ ಈ ತಿರುಗುಬಲ (ಇದಕ್ಕೂ ಟಾರ್ಕ್ ಎನ್ನುತ್ತಾರೆ) ತಡೆಯುವುದಿಲ್ಲ. ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್ ಜಾರುತ್ತದೆ, ಇನ್‌ಪುಟ್ ಶಾಫ್ಟ್ ತಿರುಚುತ್ತದೆ. ಬಿಲೆಟ್ ಶಾಫ್ಟ್, ಹೊಸ ಕನ್ವರ್ಟರ್, ಕ್ಲಚ್ ಪ್ಯಾಕ್, ವಾಲ್ವ್ ಬಾಡಿ ಸೇರಿ ನಮಗೆ 6,200 ಡಾಲರ್ ಆಯಿತು. ಟರ್ಬೊ ಕಿಟ್‌ಗಿಂತ ಹೆಚ್ಚು. ಈ ದುಡ್ಡು ಕೈಯಲ್ಲಿಲ್ಲದಿದ್ದರೆ ಟರ್ಬೊ ಆರ್ಡರ್ ಮಾಡಬೇಡಿ.

ಜೂನ್ ಮೊದಲ ವಾರ ಕೂರಿಸುವ ಕೆಲಸ. ಎಸ್475 ಕೈಯಲ್ಲಿ ಎತ್ತಿದರೆ 20 ಕೆ.ಜಿ.ಗಿಂತ ಭಾರ. ಅದನ್ನು ಬಿಸಿ ಪೈಪಿಗೆ ನೇತುಬಿಡುವುದು ದೊಡ್ಡ ತಪ್ಪು. ಬ್ಲಾಕಿಗೆ ಬ್ರ್ಯಾಕೆಟ್ ಕೊಟ್ಟು ಭಾರ ಹೊರಿಸಬೇಕು, ಪೈಪಿನಲ್ಲಿ ಹಿಗ್ಗಲು ಬೆಲ್ಲೋಸ್ ಇರಬೇಕು. ಎರಡೂ ಇಲ್ಲದಿದ್ದರೆ ವೆಲ್ಡ್ ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತದೆ. ಹಳೇ ಏರ್‌ಬಾಕ್ಸ್‌ಗೆ ಜಾಗ ಉಳಿಯಲಿಲ್ಲ, ಶಾಖ ತಡೆಯುವ ತಗಡಿನ ಹಿಂದೆ ಕೋನ್ ಫಿಲ್ಟರ್ ಬಂತು.

ಹೆಚ್ಚು ಹೊತ್ತು ಹಿಡಿದದ್ದು ಆಯಿಲ್ ವಾಪಸು ಹೋಗುವ ಮೆದುಗೊಳವೆ. ಟರ್ಬೊದಿಂದ ಆಯಿಲ್ ಒತ್ತಡದಲ್ಲಿ ಹೊರಬರುವುದಿಲ್ಲ, ನೊರೆನೊರೆಯಾಗಿ ತನ್ನ ಭಾರಕ್ಕೇ ಇಳಿಯುತ್ತದೆ. ಗೊಳವೆ ಲಂಬದಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು, ಎಲ್ಲೂ ತಗ್ಗಿ ಹೊಟ್ಟೆ ಬಿಡಬಾರದು. ಕಿಟ್‌ನಲ್ಲಿ ಬಂದದ್ದು ಉದ್ದವಾಗಿ, ಆಲ್ಟರ್ನೇಟರ್ ಕೆಳಗೆ ಒಂದು ಬೊಗಸೆಯಷ್ಟು ಜೋತುಬಿದ್ದಿತ್ತು. ಹಾಗೇ ಬಿಟ್ಟಿದ್ದರೆ ಆಯಿಲ್ ಅಲ್ಲಿ ನಿಂತು, ಸೀಲ್ ದಾಟಿ ಟರ್ಬೈನ್ ಕಡೆ ಸೋರಿ, ಟರ್ಬೊ ಕೆಟ್ಟಿದೆ ಎಂದು ಎಲ್ಲರೂ ಅದನ್ನೇ ದೂರುತ್ತಿದ್ದರು. ಕತ್ತರಿಸಿ, ನಂ. 10 ಫಿಟ್ಟಿಂಗ್ ಹೊಸದು ಹಾಕಿ ನೇರ ಮಾಡಿದೆವು.

ಸ್ಟಾರ್ಟ್ ಮಾಡುವ ಮೊದಲು ಎರಡೂ ಟರ್ಬೊಗೆ ಆಯಿಲ್ ಬರುವ ತೂತಿನಲ್ಲಿ ಸ್ವಲ್ಪ ಹೊಸ ಆಯಿಲ್ ಸುರಿದು, ಚಕ್ರ ಕೈಯಲ್ಲಿ ತಿರುಗಿಸಿ, ಇಂಧನ ಹೋಗದಂತೆ ಮಾಡಿ ಆಯಿಲ್ ಒತ್ತಡ ಬರುವವರೆಗೆ ಕ್ರ್ಯಾಂಕ್ ಮಾಡಿದೆವು. ಆಮೇಲೆ ಸೋರಿಕೆ ಪರೀಕ್ಷೆ: ದೊಡ್ಡ ಟರ್ಬೊದ ಬಾಯಿಗೆ ಮುಚ್ಚಳ ಬಿಗಿದು 25 ಪಿಎಸ್‌ಐ ಗಾಳಿ ತುಂಬಿ, ಪ್ರತಿ ಜಾಯಿಂಟಿಗೂ ಸೋಪಿನ ನೀರು. ಎರಡು ಕಡೆ ಗುಳ್ಳೆ ಎದ್ದವು. ಕಾರ್ಖಾನೆಯ ಕ್ಲ್ಯಾಂಪ್ ಈ ಒತ್ತಡಕ್ಕಲ್ಲ. ಟಿ-ಬೋಲ್ಟ್ ಕ್ಲ್ಯಾಂಪ್, ಐದು ಪದರದ ಸಿಲಿಕೋನ್ ಬೂಟ್ ಬೇಕು.

ಮೊದಲ ಓಟದಲ್ಲಿ ಪಿ0238 ಕೋಡ್ ಬಂದು ಎಂಜಿನ್ ಶಕ್ತಿ ಕಡಿತ ಮಾಡಿಕೊಂಡಿತು. ಕಾರ್ಖಾನೆಯ ಬೂಸ್ಟ್ ಸೆನ್ಸರ್ ಇಷ್ಟು ಒತ್ತಡ ಓದಲಾರದು. ಟ್ಯೂನ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ) ಬರೆದವರು ಅದನ್ನು ಸರಿಪಡಿಸಿ ಕಳಿಸಲು ಎರಡು ದಿನ.

ಅಸಲಿ ಪೆಟ್ಟು ಬಿದ್ದದ್ದು ಆಮೇಲೆ. ನಾವು ನಾಲ್ಕು ಗೇಜು ಹಾಕಿದ್ದೆವು: ಎರಡು ಟರ್ಬೊ ನಡುವಿನ ಒತ್ತಡಕ್ಕೊಂದು, ಮ್ಯಾನಿಫೋಲ್ಡ್ ಬೂಸ್ಟ್‌ಗೊಂದು, ಎಕ್ಸಾಸ್ಟ್ ಒತ್ತಡಕ್ಕೊಂದು, ಉಷ್ಣತೆಗೊಂದು. ನಾಲ್ಕಿಲ್ಲದೆ ಕಾಂಪೌಂಡ್ ಓಡಿಸಬೇಡಿ, ಯಾಕೆಂದರೆ ಬೂಸ್ಟ್ ಗೇಜು ಒಂದೇ ನೋಡಿದರೆ ನಮ್ಮ ಟ್ರಕ್ಕು ಚೆನ್ನಾಗಿಯೇ ಇತ್ತು: 38 ಪಿಎಸ್‌ಐ. ನಡುವಿನ ಗೇಜು ಮಾತ್ರ 5ರಲ್ಲಿ ನಿಂತಿತ್ತು. ಎಕ್ಸಾಸ್ಟ್ ಒತ್ತಡ 68. ಭಾಗಾಕಾರ ಮಾಡಿ ನೋಡಿ: ದೊಡ್ಡದು 17.1 (5 ಕೂಡಿಸು 12.1) ಭಾಗಿಸು 11.7, ಅಂದರೆ 1.46. ಚಿಕ್ಕದು 52.6 (38 ಕೂಡಿಸು 12.1 ಕೂಡಿಸು ಇಂಟರ್‌ಕೂಲರ್ ನಷ್ಟ 2.5) ಭಾಗಿಸು 17.1, ಅಂದರೆ 3.08. ದೊಡ್ಡದು ಸುಮ್ಮನೆ ತಿರುಗುತ್ತಿದೆ, ಚಿಕ್ಕದೇ ಎಲ್ಲ ಹೊರುತ್ತಿದೆ. ಹೀಗೆ ಓಡಿಸಿದರೆ ಚಿಕ್ಕದರ ಶಾಫ್ಟ್ ಅತಿವೇಗಕ್ಕೆ ಹೋಗಿ ಒಡೆಯುತ್ತದೆ.

ಕಾರಣ ಎರಡು. ದೊಡ್ಡದರ ಟರ್ಬೈನ್ ಹೌಸಿಂಗ್ ಟಿ6, 1.32 ಎ/ಆರ್, ನಮ್ಮ ಹೊಗೆಗೆ ಬಹಳ ಸಡಿಲ. ಮುಂದೆ ಹೆಚ್ಚು ಪವರ್ ಮಾಡಿದರೆ ಇರಲಿ ಎಂದು ಮಾರಿದವರು ಅದನ್ನೇ ಕೊಟ್ಟಿದ್ದರು, ನಾವು ಕೇಳಿರಲಿಲ್ಲ. ಎರಡನೆಯದು, ಚಿಕ್ಕದರ ವೇಸ್ಟ್‌ಗೇಟ್ (ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲು) ತಡವಾಗಿ ತೆರೆಯುತ್ತಿತ್ತು. ವೇಸ್ಟ್‌ಗೇಟ್ ತೆರೆದಾಗ ತಪ್ಪಿಸಿಕೊಂಡ ಹೊಗೆ ವ್ಯರ್ಥವಾಗುವುದಿಲ್ಲ, ದೊಡ್ಡ ಟರ್ಬೈನ್‌ಗೆ ಹೋಗಿ ಅದನ್ನು ತಿರುಗಿಸುತ್ತದೆ. ಕಾಂಪೌಂಡ್‌ನಲ್ಲಿ ಕೆಲಸ ಹಂಚುವ ಬಾಗಿಲು ಅದೇ. 1.10 ಎ/ಆರ್ ಹೌಸಿಂಗ್ ತರಿಸಿದರೆ ಅದರ ಫ್ಲೇಂಜ್ ಟಿ4. ಬಿಸಿ ಪೈಪಿನ ತುದಿ ಕತ್ತರಿಸಿ ಬೇರೆ ಫ್ಲೇಂಜ್ ವೆಲ್ಡ್ ಮಾಡಿಸಬೇಕಾಯಿತು. 610 ಡಾಲರ್, ಹದಿನಾರು ದಿನ. ಎಲ್ಲ ಕೆಲಸ ಮುಗಿಯಿತೆಂದು ಪಾನಾಗಳನ್ನು ಒರೆಸಿಟ್ಟ ಮೇಲೆ ಮತ್ತೆ ಬಿಚ್ಚಲು ಕೂರುವುದು ಬಹಳ ನೋವಿನ ಸಂಗತಿ. ಆ ಒಂದು ಪ್ರಶ್ನೆ ಕೇಳಿದ್ದರೆ ಅದು ತಪ್ಪುತ್ತಿತ್ತು.

ಜುಲೈನಲ್ಲಿ ಡೈನೊ, ಅಂದರೆ ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ. ವೇಸ್ಟ್‌ಗೇಟನ್ನು ಕಾಲು ಸುತ್ತು, ಕಾಲು ಸುತ್ತು ಎಂದು ಬೇಗ ತೆರೆಯುವಂತೆ ತಿರುಗಿಸುತ್ತಾ ಹೋದೆವು. ನಡುವೆ 14, ಮ್ಯಾನಿಫೋಲ್ಡ್ 42, ಎಕ್ಸಾಸ್ಟ್ 50. ದೊಡ್ಡದು 2.23, ಚಿಕ್ಕದು 2.17. ಇಲ್ಲಿ ಒಂದು ಎಚ್ಚರಿಕೆ: 42ರಲ್ಲಿ ಅರ್ಧ 21, ಹಾಗಾಗಿ ನಡುವಿನ ಗೇಜು 21 ತೋರಿಸಬೇಕು ಎಂದು ಅನೇಕರು ತಿರುಗಿಸುತ್ತಲೇ ಇರುತ್ತಾರೆ. ಬೇಡ. ಸಮಪಾಲು ಅನುಪಾತದಲ್ಲಿ ಬರಬೇಕು, ಗೇಜಿನಲ್ಲಲ್ಲ. ಈ ಎತ್ತರದಲ್ಲಿ 14 ಅಂದರೆ ಸಮಪಾಲೇ. ಎಕ್ಸಾಸ್ಟ್ ಒತ್ತಡ ಬೂಸ್ಟ್‌ನ 1.2 ಪಟ್ಟಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 1.5 ದಾಟಿದರೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ.

ಮರುದಿನ ಅದೇ ಟ್ರೇಲರ್ ಕಟ್ಟಿ ಅದೇ ಏರು. ಸುರಂಗಕ್ಕೆ ಮುಂಚಿನ ಕೊನೆಯ ಮೈಲಿಗಳಲ್ಲಿ ನಡುವೆ 10, ಮ್ಯಾನಿಫೋಲ್ಡ್ 28, ಉಷ್ಣತೆ 1,180ರಲ್ಲಿ ನಿಂತುಬಿಟ್ಟಿತು. ಫೆಬ್ರವರಿಯಲ್ಲಿ ಕಾಲು ಎತ್ತಿದ ಜಾಗದಲ್ಲಿ ಈ ಸಲ ಎತ್ತಬೇಕಾಗಲಿಲ್ಲ. ಹೊಗೆಯೂ ತಿಳಿ. ಆ ಮುಳ್ಳು ಅಲುಗದೆ ನಿಂತದ್ದನ್ನು ನೋಡುವ ಸಂತೋಷಕ್ಕೆ ಐದು ತಿಂಗಳು ಸಂದಿತು.

ಖರ್ಚಿನ ವಿವರ, ಡಾಲರ್‌ನಲ್ಲಿ: ಟರ್ಬೊ ಕಿಟ್ 4,900, ಗೇರ್‌ಬಾಕ್ಸ್ 6,200, ಇಂಜೆಕ್ಟರ್-ಲಿಫ್ಟ್ ಪಂಪ್-ಟ್ಯೂನ್ 3,820, ಸ್ಟಡ್-ಸ್ಪ್ರಿಂಗ್-ಮ್ಯಾನಿಫೋಲ್ಡ್ 1,350, ಗೇಜು-ಬೂಟ್-ಆಯಿಲ್ ಇತ್ಯಾದಿ 990, ಹೌಸಿಂಗ್ ತಪ್ಪಿಗೆ 610, ಡೈನೊ 200. ಒಟ್ಟು 18,070. ಕೂಲಿ ಇದರಲ್ಲಿಲ್ಲ, ಗೇರ್‌ಬಾಕ್ಸ್ ಬಿಟ್ಟು ಉಳಿದದ್ದೆಲ್ಲ ನಮ್ಮ ಕೈಕೆಲಸ.

ವಿ-ಬ್ಯಾಂಡ್ ಕ್ಲ್ಯಾಂಪ್‌ಗಳು ಮೊದಲ ಬಿಸಿಗೆ ಸಡಿಲವಾಗುತ್ತವೆ. ಎಂಜಿನ್ ಪೂರ್ತಿ ಆರಿದ ಮೇಲೆ ಒಮ್ಮೆ, 500 ಮೈಲಿಗೆ ಇನ್ನೊಮ್ಮೆ ಬಿಗಿಯಿರಿ. ನಮ್ಮದರಲ್ಲಿ ಎರಡನೇ ಸಲವೂ ಬಿಸಿ ಪೈಪಿನ ಕೆಳಗಿನ ಕ್ಲ್ಯಾಂಪ್ ಅರ್ಧ ಸುತ್ತು ತಿರುಗಿತು. ಅದರ ಅಂಚಿನಲ್ಲಿ ಮಸಿಯ ಸಣ್ಣ ಗೆರೆ ಆಗಲೇ ಮೂಡಿತ್ತು.